ಹೆಸರಿಗೊಂದು ಹಿಂದಿನ ಸೀಟು

ಹಳೆಯ ಸ್ಪೋರ್ಟ್ಸ್ ಕಾರಿನ ಹಿಂದಿನ ಸೀಟು ಕೂರುವುದಕ್ಕೆ ಮಾಡಿದ್ದಲ್ಲ, ಮನೆಯವರಿಗೆ ತೋರಿಸುವುದಕ್ಕೆ ಮಾಡಿದ್ದು. ‘ನೋಡು, ನಾಲ್ಕು ಜನ ಹಿಡಿಸ್ತಾರೆ’ ಎನ್ನಲು ಒಂದು ಆಧಾರ ಬೇಕಲ್ಲ? ತಯಾರಕರು ಮಾತ್ರ ಜಾಣರು. ನಾಲ್ಕು ಸೀಟು ಎಂದು ಅಪ್ಪಿತಪ್ಪಿಯೂ ಹೇಳದೆ 2+2 ಎನ್ನುತ್ತಾರೆ, ಅಂದರೆ ಮುಂದೆ ಎರಡು ನಿಜವಾದ ಸೀಟು, ಹಿಂದೆ ಎರಡು ಹೆಸರಿಗಷ್ಟೇ. ಒಂದನೇ ಕ್ಲಾಸಿನ ಲೆಕ್ಕ ನಂಬಿದವರು ಮೋಸ ಹೋಗುವುದು ಇಲ್ಲೇ. 1963ರಲ್ಲಿ ಜನರೆದುರು ಬಂದ ಪೋರ್ಷೆ 911ರ ಹಿಂದಿನ ಸೀಟುಗಳ ಬೆನ್ನು ಮಡಚಿದರೆ ಸಾಮಾನಿಡುವ ಹಲಗೆ ಸಿದ್ಧ. ಅವುಗಳ ಅಸಲು ಉದ್ಯೋಗವೇ ಅದು. ಜಾಗ್ವಾರ್‌ನವರು 1966ರಲ್ಲಿ ತಮ್ಮ ಇ-ಟೈಪ್ ಕಾರಿನ ಹಿಂದೆ ಇಬ್ಬರನ್ನು ಕೂರಿಸಿಯೇ ಸಿದ್ಧ ಎಂದು ವೀಲ್‌ಬೇಸನ್ನು, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರವನ್ನು, 9 ಇಂಚು ಎಳೆದು, ಛಾವಣಿಯನ್ನೂ ಎತ್ತರಿಸಿದರು. ಅಂಥ ಚೆಲುವೆಗೆ ಗೂನು ಬಂತಲ್ಲ ಎಂದು ಕೊರಗುವವರು ಈಗಲೂ ಇದ್ದಾರೆ.

ನಾನು ದುರಸ್ತಿ ಮಾಡುತ್ತಿರುವ ಹಳೆಯ ಕಾರಿಗೆ ಇಂಥದೊಂದು ಸೀಟನ್ನು ಮತ್ತೆ ಕೂರಿಸಲು ನನ್ನ ಎರಡು ತಿಂಗಳ ಭಾನುವಾರಗಳು ಹೋದವು. ಎಂಜಿನ್ ಇಷ್ಟು ಸತಾಯಿಸಲಿಲ್ಲ. ಅದಕ್ಕೆ ದಪ್ಪನೆಯ ಪುಸ್ತಕವಿದೆ, ಯಾವ ಬೋಲ್ಟನ್ನು ಎಷ್ಟು ಬಿಗಿಯಬೇಕೆಂಬ ಅಂಕಿಯಿದೆ. ಹಿಂದಿನ ಸೀಟಿಗೆ ಸಿಕ್ಕಿದ್ದು ಅರ್ಧ ಪುಟ. ಅದರಲ್ಲಿ ಎಡಗಡೆಯ ಚಿತ್ರ ಬಿಡಿಸಿ, ಬಲಗಡೆಯೂ ಹೀಗೆಯೇ ಎಂದು ಕೈತೊಳೆದುಕೊಂಡಿದ್ದಾರೆ. ಹೀಗೆಯೇ ಅಲ್ಲ! ಎಡದ ಬ್ರಾಕೆಟ್ಟಿಗೂ ಬಲದ ಬ್ರಾಕೆಟ್ಟಿಗೂ ಇರುವ ಸಂಬಂಧ ಎರಡು ಚಪ್ಪಲಿಗಳದ್ದು. ನೋಡಲು ಒಂದೇ, ಅದಲು ಬದಲಾದರೆ ಕಾಲಿಗೇ ಗೊತ್ತಾಗುತ್ತದೆ. ನನಗೆ ಗೊತ್ತಾದದ್ದು ಬೆನ್ನೊರಗನ್ನು ಮೇಲಕ್ಕೆತ್ತಿದಾಗ. ಅದು ಚಿಲಕಕ್ಕೆ ಸಿಗದೆ, ಒಂದು ಬೆರಳಷ್ಟು ಈಚೆಗೇ ನಿಂತು ನನ್ನನ್ನು ನೋಡುತ್ತಿತ್ತು.

ಕಾರಿನ ಹಳೆಯ ಒಡೆಯರು ಎಂದೋ ಸೀಟು ಕಳಚಿ, ಬೋಲ್ಟು, ವಾಷರು, ಕ್ಲಿಪ್ಪುಗಳನ್ನೆಲ್ಲ ಒಂದೇ ಡಬ್ಬಿಗೆ ಸುರಿದಿದ್ದರು. ಒಂದೊಂದನ್ನೂ ಬೇರೆ ಪೊಟ್ಟಣದಲ್ಲಿ ಹಾಕಿ ಚೀಟಿ ಅಂಟಿಸಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರನ್ನು ಬೈಯುವ ಯೋಗ್ಯತೆ ನನಗೂ ಇಲ್ಲ. ಡ್ಯಾಶ್‌ಬೋರ್ಡ್ ಬಿಚ್ಚಿದ ದಿನ ನಾನು ಮಾಡಿದ್ದೂ ಅದೇ.

ಆದರೆ ನಿಜವಾಗಿ ನಿದ್ದೆಗೆಡಿಸಿದ್ದು ಒಂದು ತೂತು. ಕಾರ್ಪೆಟ್ಟಿನಡಿ ಪ್ಲಾಸ್ಟಿಕ್ಕಿನ ಬಿರಡೆ ಹಾಕಿಕೊಂಡು, ಸೀಟಿನ ಯಾವ ಭಾಗಕ್ಕೂ ಸಂಬಂಧವಿಲ್ಲದಂತೆ ಕೂತಿತ್ತು. ಬಿರಡೆ ಕಿತ್ತೆ. ಒಳಗೆ ಬೋಲ್ಟು ತಿರುಗಿಸುವ ಹೊಚ್ಚಹೊಸ ಥ್ರೆಡ್ಡು! ಕಾರಿಗೆ ಕಾರೇ ಮಿಲಿಮೀಟರ್ ಲೆಕ್ಕದ್ದು. ಆದರೆ 10ರ ಬೋಲ್ಟು ಆ ಥ್ರೆಡ್ಡನ್ನು ಕಚ್ಚಲೊಲ್ಲದು, 12ರದು ಒಳಗೇ ಇಳಿಯದು. ಡಬ್ಬಿಯಲ್ಲಿದ್ದುದನ್ನೆಲ್ಲ ಸ್ವಯಂವರಕ್ಕೆ ನಿಲ್ಲಿಸಿದೆ. ಒಂದನ್ನೂ ಅದು ಒಪ್ಪಲಿಲ್ಲ.

ಕೊನೆಗೆ ತಿಳಿಯಿತು, ಅದು ಸೀಟಿನದ್ದೇ ಅಲ್ಲ, ಸೀಟ್ ಬೆಲ್ಟಿನದ್ದು. 7/16 ಇಂಚು, ಇಂಚಿಗೆ 20 ಸುತ್ತು. ಮಿಲಿಮೀಟರಿನಲ್ಲಿ ಹೇಳಿದರೆ 11.1, ನನ್ನ ಡಬ್ಬಿ ಸೋಲಲೇಬೇಕಾದ ಸಂಖ್ಯೆ. ಜರ್ಮನಿಯ ಕಾರಿರಲಿ, ಜಪಾನಿನದಿರಲಿ, ಉಳಿದೆಲ್ಲ ಕಡೆ ಮೆಟ್ರಿಕ್ ಇಟ್ಟುಕೊಂಡು ಬೆಲ್ಟಿನ ಬೋಲ್ಟಿಗೆ ಮಾತ್ರ ಈ ಇಂಚಿನ ಅಳತೆಯನ್ನೇ ಉಳಿಸಿಕೊಂಡವು ಬೇಕಾದಷ್ಟಿವೆ. ಯುರೋಪಿನ ನಿಯಮವೂ ಇದನ್ನೇ ಬರೆದುಕೊಂಡಿದೆ. ಯಾವ ದೇಶದ ಬೆಲ್ಟಾದರೂ ಯಾವ ದೇಶದ ಕಾರಿಗಾದರೂ ಕೂರಲೆಂದು ಇರಬೇಕು. ಅಳತೆಯ ವಿಷಯದಲ್ಲಿ ದೇಶದೇಶಗಳು ಒಂದು ಮಾತಿಗೆ ಬಂದದ್ದು ನನ್ನ ಕಾರ್ಪೆಟ್ಟಿನಡಿ ಎಂಬುದು ನನಗೆ ಸಣ್ಣ ಹೆಮ್ಮೆ. ತೂತನ್ನು ಕೊರೆದು 12ಕ್ಕೆ ಹಿಗ್ಗಿಸುವ ಯೋಚನೆ ನನ್ನ ತಲೆಗೂ ಬಂದಿತ್ತು, ಒಪ್ಪಿಕೊಳ್ಳುತ್ತೇನೆ. ಡಿಕ್ಕಿಯಾದಾಗ ಒಬ್ಬರ ಇಡೀ ಭಾರ ಎಳೆಯುವ ಜಾಗ ಅದು. ಅಲ್ಲಿ ಅಂದಾಜಿನ ಕೆಲಸ ಸಲ್ಲದು. ಬೆಲ್ಟಿಗೆಂದೇ ಮಾಡಿದ ಗಟ್ಟಿ ಬೋಲ್ಟು ತರಿಸಿದೆ. ಬೆರಳಲ್ಲಿ ತಿರುಗಿಸಿದರೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು.

ಸೀಟು ಕೂತಿತು, ಚಿಲಕ ಟಕ್ ಎಂದಿತು. ಪರೀಕ್ಷೆಗೆ ನಾನೇ ಹಿಂದೆ ತೂರಿಕೊಂಡೆ. ಮಂಡಿ ಗಲ್ಲಕ್ಕೆ, ತಲೆ ಗಾಜಿಗೆ. ಬೆಲ್ಟು ಹಾಕಿಕೊಂಡೆನಾದರೂ ಅದರ ಅಗತ್ಯವಿರಲಿಲ್ಲ, ಹೇಗೂ ಅಲುಗಾಡುವಂತಿರಲಿಲ್ಲ. ಕತ್ತು ಬಗ್ಗಿಸಿ ಕೂತಾಗ, ಆ ಸೀಟಿನಿಂದಲ್ಲದೆ ಬೇರೆಲ್ಲಿಂದಲೂ ಕಾಣದಂತೆ, ಪಕ್ಕದ ಪ್ಯಾನೆಲ್ಲಿನ ಅಂಚಿನಲ್ಲಿ ಇನ್ನೊಂದು ಪ್ಲಾಸ್ಟಿಕ್ ಬಿರಡೆ ಕಣ್ಣಿಗೆ ಬಿತ್ತು. ಕೈ ಚಾಚಿದೆ. ಎಟುಕಲಿಲ್ಲ.