ಆರ್ಗೋಸ್‌ಗೆ ಹತ್ತು ಅಂಕ

ರಾತ್ರಿ ಹನ್ನೊಂದೂವರೆ ಆಗಿದೆ. ಸಿಂಕ್ ತುಂಬ ಪಾತ್ರೆ ಬಿದ್ದಿದೆ. ಆದರೆ ಇದನ್ನು ಬರೆಯದೆ ಮಲಗಿದರೆ ನನಗೆ ನಿದ್ದೆ ಹತ್ತೋದಿಲ್ಲ.

ಮಗಳು ಈಗ ಒಂಬತ್ತನೇ ಕ್ಲಾಸು ಅಂತ ನಿಮಗೆಲ್ಲ ಗೊತ್ತು. ಇಲ್ಲಿ ನ್ಯೂಜೆರ್ಸಿಯಲ್ಲಿ ಅವಳಿಗೆ ಈ ವರ್ಷ ಹೋಮರನ ಒಡಿಸ್ಸಿ ಪಾಠಕ್ಕಿದೆ. ಒಡಿಸ್ಸಿಯಸ್ ಅನ್ನೋ ರಾಜ ಯುದ್ಧ ಮುಗಿಸಿ ಊರಿಗೆ ಮರಳುವ ಪ್ರಾಚೀನ ಗ್ರೀಕ್ ಕಾವ್ಯ ಅದು. ಅಮೆರಿಕದ ಎಷ್ಟೋ ಶಾಲೆಗಳಲ್ಲಿ ಈ ವಯಸ್ಸಿನವರಿಗೆ ಇದನ್ನೇ ಇಡುತ್ತಾರೆ. ನಾಳೆ ಪರೀಕ್ಷೆ. ರಿವಿಷನ್ ಮಾಡೋಣ ಅಂತ ಅವಳ ಜೊತೆಯವರು ಮೂವರು ಸಂಜೆ ನಮ್ಮನೆಗೆ ಬಂದಿದ್ದರು. ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಾ ಕೇಳಿಸಿಕೊಳ್ಳುತ್ತಿದ್ದೆ.

ಕ್ಲಾಸಿನಲ್ಲಿ ಆಡಿಸಿದ ಫೋನ್ ಕ್ವಿಜ್ಜನ್ನೇ ಮತ್ತೆ ಆಡುತ್ತಿದ್ದರು. ಪ್ರಶ್ನೆ ಬರುತ್ತೆ, ಕೆಳಗೆ ನಾಲ್ಕು ಬಣ್ಣದ ಚೌಕ, ಮೊದಲು ಒತ್ತಿದವರಿಗೆ ಅಂಕ. "ಒಡಿಸ್ಸಿಯಸ್‌ನ ನಾಯಿಯ ಹೆಸರೇನು?" ಟಕ್ ಅಂತ ಒತ್ತಿದರು. ಆರ್ಗೋಸ್. ಹತ್ತು ಅಂಕ. ಮುಂದಿನ ಪ್ರಶ್ನೆ.

ಸೌಟು ಹಿಡಿದುಕೊಂಡೇ ನಿಂತುಬಿಟ್ಟೆ.

ಆ ನಾಯಿ ಬರೋದು ಹದಿನೇಳನೇ ಭಾಗದಲ್ಲಿ. ಒಡಿಸ್ಸಿಯಸ್ ಯುದ್ಧಕ್ಕೆ ಹೊರಡುವ ಮುಂಚೆ ತಾನೇ ಸಾಕಿದ ಮರಿ ಅದು. ಇಪ್ಪತ್ತು ವರ್ಷ ಆದ ಮೇಲೆ ಅವನು ಭಿಕ್ಷುಕನ ವೇಷ ಹಾಕಿಕೊಂಡು ತನ್ನದೇ ಮನೆ ಬಾಗಿಲಿಗೆ ಬರುತ್ತಾನೆ. ನಾಯಿ ಗೊಬ್ಬರದ ಗುಡ್ಡೆ ಮೇಲೆ ಬಿದ್ದಿದೆ. ಮೈತುಂಬ ಉಣ್ಣೆಹುಳ. ಎದ್ದು ಬರುವ ತ್ರಾಣ ಇಲ್ಲ. ಯಜಮಾನ ಬಂದ ಅಂತ ಗೊತ್ತಾದದ್ದೇ ಬಾಲ ಅಲ್ಲಾಡಿಸುತ್ತೆ, ಕಿವಿ ಇಳಿಬಿಡುತ್ತೆ. ಅವನು ಹತ್ತಿರ ಹೋಗುವ ಹಾಗಿಲ್ಲ, ಹೋದರೆ ಗುಟ್ಟು ರಟ್ಟಾಗುತ್ತೆ. ಜೊತೆಯಲ್ಲಿರುವ ಹಂದಿ ಕಾಯುವವನಿಗೆ ಕಾಣದ ಹಾಗೆ ಕಣ್ಣೊರೆಸಿಕೊಳ್ಳುತ್ತಾನೆ. ಅಷ್ಟೆ. ನಾಯಿ ಅಲ್ಲೇ ಪ್ರಾಣ ಬಿಡುತ್ತೆ.

ಇದನ್ನು ಓದಿದ ಮಕ್ಕಳಿಗೆ ಕೇಳೋದು ನಾಯಿಯ ಹೆಸರಾ?

ಉಳಿದ ಹಾಳೆಗಳನ್ನೂ ತರಿಸಿ ನೋಡಿದೆ. ರಾಕ್ಷಸರ ಕಾರ್ಡು. ಹೆಸರುಗಳ ಬಿಂಗೊ. ದಾಳ ಹಾಕಿ ದ್ವೀಪದಿಂದ ದ್ವೀಪಕ್ಕೆ ಹೋಗುವ ಹಾವು ಏಣಿಯಂಥ ಆಟ. ಒಕ್ಕಣ್ಣಿನ ಪಾಲಿಫೀಮಸ್, ಆರು ತಲೆಯ ಸಿಲ್ಲಾ, ಹಾಡಿ ಕೊಲ್ಲುವ ಸೈರನ್‌ಗಳು. ಬಣ್ಣ ಬಣ್ಣವಾಗಿ ಚೆನ್ನಾಗಿ ಮಾಡಿದ್ದಾರೆ, ಅದಕ್ಕೆ ಪಟ್ಟ ಶ್ರಮ ಕಾಣುತ್ತೆ. ಆದರೆ ಲೆಕ್ಕ ಹಾಕಿ ನೋಡಿ. ಕಾವ್ಯದಲ್ಲಿ ಒಟ್ಟು 24 ಭಾಗ, ಸುಮಾರು 12 ಸಾವಿರ ಸಾಲು. ಈ ರಾಕ್ಷಸರ ಕತೆಯೆಲ್ಲ ಮುಗಿಯೋದು 9ರಿಂದ 12ನೇ ಭಾಗದೊಳಗೆ. 13ನೇ ಭಾಗದಲ್ಲಿ ಅವನು ತನ್ನೂರು ಇಥಾಕಾ ಮುಟ್ಟಿಬಿಡುತ್ತಾನೆ. ಅಂದರೆ ಅರ್ಧ ಕಾವ್ಯ ಊರಿನಲ್ಲೇ ನಡೆಯುತ್ತೆ! ಯಾರು ಗುರುತು ಹಿಡಿಯುತ್ತಾರೆ, ಯಾರು ಹಿಡಿಯಲ್ಲ, ತನ್ನ ಮನೆಗೆ ತಾನೇ ಹೇಗೆ ಒಳಗೆ ಹೋಗೋದು, ಕತೆ ಇರೋದೇ ಅಲ್ಲಿ. ಆ ಅರ್ಧಕ್ಕೆ ಒಂದೇ ಒಂದು ಆಟ ಇಲ್ಲ. ಬರೀ ನಾಯಿ ಹೆಸರು.

ನಾನೂ ಇದನ್ನೇ ಮಾಡಿದ್ದೇನೆ. ಹಾಸನದಲ್ಲಿ ಎಂಟು ವರ್ಷ ಕನ್ನಡ ಹೇಳಿಕೊಟ್ಟೆನಲ್ಲ, ಆಗ. ಕೃಷ್ಣ ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಹೇಳುವ ಕುಮಾರವ್ಯಾಸನ ಷಟ್ಪದಿಗಳಿದ್ದವು. ಹತ್ತನೇ ಕ್ಲಾಸಿನ ಮಕ್ಕಳ ಮುಂದೆ ಅಂಥ ಪದ್ಯ ಇಟ್ಟುಕೊಂಡು ನಾನು ಮಾಡಿಸಿದ್ದು ಏನು? ಈ ಮಾತನ್ನು ಯಾರು ಯಾರಿಗೆ ಹೇಳಿದರು. ಬಿಟ್ಟ ಸ್ಥಳ ತುಂಬಿರಿ. ಹೊಂದಿಸಿ ಬರೆಯಿರಿ. ಒಬ್ಬ ಹುಡುಗ, "ಮಿಸ್, ಕರ್ಣ ಆಮೇಲೆ ಯಾರ ಹತ್ರನಾದ್ರೂ ಇದನ್ನ ಹೇಳ್ಕೊಂಡನಾ?" ಅಂತ ಕೇಳಿದ್ದ. ಪೋರ್ಷನ್ ಮುಗಿಯಬೇಕಿತ್ತು. ಆಮೇಲೆ ಹೇಳ್ತೀನಿ ಅಂದೆ, ಹೇಳಲೇ ಇಲ್ಲ. ಆ ಹುಡುಗನ ಮುಖ ಈಗಲೂ ಕಣ್ಣ ಮುಂದೆ ಬರುತ್ತೆ. ಹಾಗಾಗಿ ಇವತ್ತಿನ ಸಿಟ್ಟು ಆ ಟೀಚರ್ ಮೇಲಲ್ಲ. ಹೊಂದಿಸಿ ಬರೆಯಿರಿ ಅನ್ನೋದು ಹಾಳೆಯಿಂದ ಫೋನಿಗೆ ಬಂದು ಕೂತ ಕೂಡಲೇ ಅದನ್ನು ಹೊಸ ರೀತಿಯ ಕಲಿಕೆ ಅಂತ ಕರೆಯುತ್ತಾರಲ್ಲ, ಸಿಟ್ಟು ಅದರ ಮೇಲೆ.

ಫೋನು ಪಕ್ಕಕ್ಕಿಡಿಸಿದೆ. ಉಲ್ಲನ್ ದಾರದ ಉಂಡೆ ತಂದೆ. ಮೊಳಕ್ಕೊಂದು ಗಂಟಿನ ಹಾಗೆ ಹತ್ತು ಮೊಳ ಅಳೆಯಿರಿ ಅಂದೆ. ಹತ್ತು ವರ್ಷದ ಟ್ರಾಯ್ ಯುದ್ಧ ಮುಗಿದ ಮೇಲೆ ಊರು ಸೇರೋಕೆ ಅವನಿಗೆ ಹಿಡಿದ ಹತ್ತು ವರ್ಷ ಅದು. ಒಬ್ಬೊಬ್ಬರು ಒಂದೊಂದು ತುದಿ ಹಿಡಿದು ಹಾಲ್ ಉದ್ದಕ್ಕೂ ಎಳೆದರು. ಎಲ್ಲೆಲ್ಲಿ ಎಷ್ಟು ದಿನ ಇದ್ದ, ಅಳೆದು ತೋರಿಸಿ ಅಂದೆ. ಮಾಟಗಾತಿ ಸರ್ಸಿಯ ಮನೆಯಲ್ಲಿ ಒಂದು ವರ್ಷ, ಒಂದು ಮೊಳ. ಅವನನ್ನು ಹೋಗಲು ಬಿಡದ ದೇವತೆ ಕ್ಯಾಲಿಪ್ಸೋಳ ದ್ವೀಪದಲ್ಲಿ ಏಳು ವರ್ಷ. ಏಳು ಮೊಳ ಅಳೆಯುವಾಗ ಮಾತು ನಿಂತುಹೋಯಿತು. ದಾರ ಸೋಫಾದಿಂದ ಬಾಗಿಲವರೆಗೆ ಬಂತು. ಉಳಿದ ಎರಡು ಮೊಳದಲ್ಲಿ ಅವರ ಅಷ್ಟೂ ರಾಕ್ಷಸರು ಹಿಡಿಸಬೇಕು.

"ಹಾಗಾದ್ರೆ ಅವನು ಜಾಸ್ತಿ ದಿನ ಸುಮ್ನೆ ಕೂತಿದ್ದ ಅಲ್ವಾ ಆಂಟಿ?" ಅಂದಳು ಪಕ್ಕದ ಬೀದಿಯ ಹುಡುಗಿ. ಹೌದು ಪುಟ್ಟಿ. ಹೋಮರ್ ಅವನನ್ನು ನಮಗೆ ಮೊದಲು ತೋರಿಸೋದೇ ಐದನೇ ಭಾಗದಲ್ಲಿ, ದಡದಲ್ಲಿ ಕೂತು ಸಮುದ್ರ ನೋಡುತ್ತಾ ಅಳುತ್ತಿರುವಾಗ. ಅದು ಮಕ್ಕಳಿಗೆ ದಾರ ಹಿಡಿದಾಗ ತಿಳಿಯಿತು.

ಆಮೇಲೆ ಕತೆ ಹೇಳಿಸಿದೆ. ನಮ್ಮಜ್ಜಿ ಊರಿನಲ್ಲಿ ಗಮಕ ನಡೆಯುತ್ತಿದ್ದದ್ದನ್ನು ಇಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಒಬ್ಬರು ವಾಚನ, ಇನ್ನೊಬ್ಬರು ವ್ಯಾಖ್ಯಾನ. ಗ್ರೀಕರದ್ದೂ ಬಾಯಲ್ಲಿ ಬೆಳೆದ ಕಾವ್ಯವೇ. ಅಥೆನ್ಸಿನ ದೊಡ್ಡ ಹಬ್ಬ ಪ್ಯಾನಥೆನಾಯಾದಲ್ಲಿ ಹೋಮರನನ್ನು ಸರದಿ ಮೇಲೆ ಹೇಳುತ್ತಿದ್ದರಂತೆ. ಹಿಂದಿನವನು ಎಲ್ಲಿ ಬಿಟ್ಟನೋ ಮುಂದಿನವನು ಅಲ್ಲಿಂದಲೇ ಎತ್ತಿಕೊಳ್ಳಬೇಕು ಅನ್ನೋ ನಿಯಮ ಇತ್ತು ಅಂತ ಹಳೆಯ ಗ್ರೀಕ್ ಬರಹದಲ್ಲೇ ಇದೆ. ಹೇಳುವವರ ಕೈಯಲ್ಲಿ ಒಂದು ಕೋಲು ಇರುತ್ತಿತ್ತು. ನಮ್ಮನೆಯಲ್ಲಿ ಲಟ್ಟಣಿಗೆ ಆಯಿತು. ಲಟ್ಟಣಿಗೆ ಯಾರ ಕೈಗೆ ಬರುತ್ತೋ ಅವರು ಮುಂದುವರಿಸಬೇಕು.

ನೀವು ನೋಡಬೇಕಿತ್ತು. ಪಾಲಿಫೀಮಸನ ಗುಹೆಯ ಕತೆ ಹೇಳುತ್ತಿದ್ದ ಗುಜರಾತಿ ಹುಡುಗ ಅರ್ಧದಲ್ಲಿ ನಿಲ್ಲಿಸಿದ. "ಇದನ್ನ ಹೇಳ್ತಿರೋದು ಹೋಮರ್ ಅಲ್ಲ, ಒಡಿಸ್ಸಿಯಸ್ಸೇ. ಅವನ ಜೊತೆಯವರೆಲ್ಲ ಸತ್ತುಹೋಗಿದ್ದಾರೆ. ನಿಜಾನಾ ಅಂತ ಯಾರನ್ನ ಕೇಳೋದು?" ಅಂದ. ಸರಿಯಾಗಿ ಹಿಡಿದ! ರಾಕ್ಷಸರಿರುವ ಆ ನಾಲ್ಕು ಭಾಗಗಳನ್ನು ಒಡಿಸ್ಸಿಯಸ್ ತಾನೇ, ದಾರಿಯಲ್ಲಿ ಆಶ್ರಯ ಕೊಟ್ಟ ಫಿಯೇಶಿಯನ್ನರು ಅನ್ನೋ ಜನರ ಅರಮನೆಯಲ್ಲಿ ಕೂತು ಹೇಳೋದು. ಅವನಿಗೆ ಅವರಿಂದ ಊರಿಗೆ ಹೋಗಲು ಹಡಗು ಬೇಕು. ಬಟನ್ ಒತ್ತುವಾಗ ಆ ಹುಡುಗನಿಗೆ ಈ ಅನುಮಾನ ಬಂದಿರಲಿಲ್ಲ. ತನ್ನ ಬಾಯಲ್ಲಿ ಹೇಳೋಕೆ ಹೊರಟಾಗ ಬಂತು.

22ನೇ ಭಾಗಕ್ಕೆ ಬಂದಾಗ ಜಗಳವೇ ಆಯಿತು. ಒಡಿಸ್ಸಿಯಸ್, ತನ್ನ ಹೆಂಡತಿ ಪೆನೆಲೊಪೆಯನ್ನು ಮದುವೆಯಾಗ್ತೀವಿ ಅಂತ ಮನೆ ತುಂಬಿದ್ದ 108 ಗಂಡಸರನ್ನು ಕೊಂದ ಮೇಲೆ, ಅವರ ಜೊತೆ ಮಲಗಿದ್ದರು ಅಂತ 12 ಜನ ದಾಸಿಯರನ್ನು ಮಗ ಟೆಲಿಮಾಕಸ್ ನೇಣು ಹಾಕುತ್ತಾನೆ. ಲಟ್ಟಣಿಗೆ ಮಗಳ ಕೈಯಲ್ಲಿತ್ತು. "ದಾಸಿಯರು ಬೇಡ ಅನ್ನೋ ಹಾಗಿತ್ತಾ ಅಮ್ಮ?" ಅಂದಳು. ಒಬ್ಬ ದ್ರೋಹ ಅಂದ, ಇವಳು ಅನ್ಯಾಯ ಅಂದಳು. ಇಬ್ಬರೂ ಪುಸ್ತಕ ತೆಗೆದು ಸಾಲು ಹುಡುಕಿದರು. ರಾತ್ರಿ ಎಂಟೂವರೆಗೆ ಹದಿನಾಲ್ಕು ವರ್ಷದ ಮಕ್ಕಳು ಹೋಮರನ ಸಾಲು ಹುಡುಕಿ ಜಗಳ ಆಡುತ್ತಿದ್ದರು! ಕ್ಲಾಸಿನಲ್ಲಿ ಇದಕ್ಕೊಂದು ನ್ಯಾಯಾಲಯ ಮಾಡಿಸಬಹುದು. ಒಬ್ಬರು ದಾಸಿಯರ ಪರ, ಒಬ್ಬರು ಟೆಲಿಮಾಕಸ್ ಪರ, ಇಬ್ಬರೂ ಪುಸ್ತಕದ ಸಾಲು ತೋರಿಸಿಯೇ ಮಾತಾಡಬೇಕು. ಬೇಕಾಗಿರೋದು ಒಂದು ಪೀರಿಯಡ್ ಮತ್ತು ಪುಸ್ತಕ, ಇನ್ನೇನೂ ಬೇಡ.

ಕೆಲವರು ಹೇಳುತ್ತೀರಿ, ನನಗೆ ಗೊತ್ತು. ನಾಲ್ಕು ಮಕ್ಕಳನ್ನು ಊಟದ ಟೇಬಲ್ ಸುತ್ತ ಕೂರಿಸಿಕೊಂಡು ಮಾಡಿದ್ದನ್ನು ಇಪ್ಪತ್ತೈದು ಮಕ್ಕಳ ಕ್ಲಾಸಿನಲ್ಲಿ, ದಿನಕ್ಕೆ ಐದು ಸಲ, ಮಾಡೋಕಾಗುತ್ತಾ ಅಂತ. ಕಷ್ಟ ನಿಜ. ಅರವತ್ತು ಮಕ್ಕಳ ಕ್ಲಾಸು ನಾನೂ ನೋಡಿದ್ದೇನೆ. ಆದರೆ ಆ ಬಣ್ಣದ ಕಾರ್ಡುಗಳನ್ನು ಕತ್ತರಿಸಿ ಲ್ಯಾಮಿನೇಟ್ ಮಾಡೋಕೆ ಹೊತ್ತು ಸಿಕ್ಕಿದೆ ಅಲ್ವಾ? ದಾರಕ್ಕೆ ಹತ್ತು ಗಂಟು ಹಾಕೋಕೆ ಐದು ನಿಮಿಷ ಸಾಕು. ಮಕ್ಕಳಿಗೆ ಕ್ವಿಜ್ಜೇ ಇಷ್ಟ ಅನ್ನುವವರಿಗೂ ಒಂದು ಮಾತು. ಇವತ್ತು ಮೂರು ಗಂಟೆ ಹೊತ್ತು ಒಬ್ಬರೂ ಫೋನ್ ಕೇಳಲಿಲ್ಲ.

ಒಂಬತ್ತೂವರೆಗೆ ಆ ಹುಡುಗನ ಅಪ್ಪ ಕರೆದುಕೊಂಡು ಹೋಗಲು ಬಂದರು. ಅಷ್ಟರಲ್ಲಿ 23ನೇ ಭಾಗ ನಡೆಯುತ್ತಿತ್ತು. ಬಂದವನು ಗಂಡನೇ ಹೌದಾ ಅಂತ ಪೆನೆಲೊಪೆಗೆ ಇನ್ನೂ ನಂಬಿಕೆ ಇಲ್ಲ. ಅವನಿಗೆ ಕೇಳುವ ಹಾಗೆ ಕೆಲಸದವಳಿಗೆ ಹೇಳುತ್ತಾಳೆ, ಮಂಚ ಎತ್ತಿ ಹೊರಗೆ ಹಾಕು ಅಂತ. ಮಗಳು "ಅಂಕಲ್, ಐದೇ ನಿಮಿಷ" ಅಂದಳು. ಅವರು ಜಾಕೆಟ್ ಬಿಚ್ಚದೆ, ಕಾರಿನ ಕೀ ಕೈಯಲ್ಲೇ ಹಿಡಿದು ಕುರ್ಚಿಯ ತುದಿಯಲ್ಲಿ ಕೂತರು. ಸ್ವಲ್ಪ ಹೊತ್ತು ಕೇಳಿ, "ಮಂಚ ಎತ್ತಿದರೆ ಅವನಿಗೆ ಯಾಕೆ ಅಷ್ಟು ಕೋಪ?" ಅಂದರು.

ಲಟ್ಟಣಿಗೆ ಅವರ ಮಗನ ಕೈಯಲ್ಲಿತ್ತು. "ಅದನ್ನ ಎತ್ತೋಕೆ ಆಗಲ್ಲ ಅಪ್ಪ" ಅಂದ. "ಅದರ ಕಾಲು ಆಲಿವ್ ಮರ. ಬೇರು ಇನ್ನೂ ನೆಲದಲ್ಲೇ ಇದೆ."