ಮೊನಾಕೋ ಬೀದಿಗೆ ಚಿಕ್ಕ ಕಾರು ಕೊಡಿ

ಪ್ರತಿ ವರ್ಷ ಮೊನಾಕೋದ ಫಾರ್ಮುಲಾ 1 (ಎಫ್1) ಕಾರ್ ರೇಸ್ ಮುಗಿದ ಸಂಜೆ ಅದೇ ಮಾತು ಶುರುವಾಗುತ್ತದೆ. ಓವರ್‌ಟೇಕೇ ಇಲ್ಲ, ಬರೀ ಬೋರು, ಇದನ್ನು ಕ್ಯಾಲೆಂಡರಿನಿಂದಲೇ ತೆಗೆದುಬಿಡಿ ಅಂತ. ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. 1929ರಿಂದ ರೇಸ್ ಕಂಡ ಬೀದಿಗಳು ಅವು. ಆ ರಸ್ತೆಗಳು ಆಗಲೂ ಕಿರಿದಾಗಿದ್ದವು, ಈಗಲೂ ಕಿರಿದಾಗಿವೆ. ಊದಿಕೊಂಡಿರುವುದು ಕಾರು.

2024ರ ರೇಸ್ ನೆನಪಿದೆ ಅಲ್ವಾ? ಮೊದಲ ಲ್ಯಾಪಿನಲ್ಲೇ ಪೆರೆಜ್ ಮತ್ತು ಹಾಸ್ ತಂಡದ ಇಬ್ಬರು ಚಾಲಕರ ಕಾರುಗಳು ಡಿಕ್ಕಿಯಾಗಿ ರೆಡ್ ಫ್ಲ್ಯಾಗ್ ಬಂತು, ರೇಸ್ ನಿಂತಿತು. ಆ ಬಿಡುವಿನಲ್ಲೇ ಟೈರ್ ಬದಲಾಯಿಸಿಕೊಳ್ಳುವ ಕೆಲಸವೂ ಮುಗಿದುಹೋಯಿತು. ಆಮೇಲೆ 78 ಲ್ಯಾಪ್ ಮುಗಿಯುವವರೆಗೂ ಮೆರವಣಿಗೆ. ಮೊದಲ ಹತ್ತು ಮಂದಿ ಯಾವ ಸ್ಥಾನದಿಂದ ಹೊರಟಿದ್ದರೋ ಅದೇ ಸ್ಥಾನದಲ್ಲಿ ಮುಗಿಸಿದರು. ಲೆಕ್ಲೆರ್ ಹುಟ್ಟಿದೂರಿನಲ್ಲಿ ಗೆದ್ದಿದ್ದಕ್ಕೆ ನನಗೂ ಖುಷಿಯಾಯಿತು. ಆದರೆ ಅದು ಶನಿವಾರದ ಅರ್ಹತಾ ಸುತ್ತಿನಲ್ಲೇ ಗೆದ್ದಾಗಿದ್ದ ರೇಸ್.

2018ರದ್ದು ಇನ್ನೂ ವಿಚಿತ್ರ. ರಿಕಿಯಾರ್ಡೊ ಕಾರಿನ ಹೈಬ್ರಿಡ್ ಮೋಟರ್ ಮಧ್ಯದಲ್ಲೇ ಕೈಕೊಟ್ಟಿತು. ಸುಮಾರು 160 ಹಾರ್ಸ್‌ಪವರ್ ಹೋಯಿತು. ಹಿಂದೆ ಇದ್ದವರು ವೆಟ್ಟೆಲ್, ಅದೂ ಫೆರಾರಿಯಲ್ಲಿ. ಆದರೂ ದಾಟಲು ಆಗಲಿಲ್ಲ. ಬೇರೆ ಯಾವ ಟ್ರ್ಯಾಕಿನಲ್ಲಾದರೂ ಅಂಥ ಕಾರು ಮುಂದಿನ ನೇರ ದಾರಿಯಲ್ಲೇ ಹಿಂದೆ ಬೀಳುತ್ತಿತ್ತು.

ಹಾಗಂತ ಹಿಂದಿನ ಕಾಲದಲ್ಲಿ ಇಲ್ಲಿ ದಾಟುವುದು ಸುಲಭವಿತ್ತು ಅಂತ ನಾನು ಹೇಳುವುದಿಲ್ಲ. 1992ರಲ್ಲಿ ಹೊಸ ಟೈರ್ ಹಾಕಿಕೊಂಡು ಬಂದ ಮ್ಯಾನ್ಸೆಲ್‌ಗೆ ಕೊನೆಯ ಲ್ಯಾಪ್‌ಗಳಲ್ಲಿ ಸೆನ್ನಾ ಜಾಗವೇ ಬಿಡಲಿಲ್ಲ. ಆದರೆ ಅಲ್ಲಿ ಎಡಕ್ಕೆ ಬಲಕ್ಕೆ ಮೂಗು ತೂರಿಸುವ ಪ್ರಯತ್ನವಿತ್ತು. ಇಂದು ಆ ಪ್ರಯತ್ನವನ್ನೇ ಯಾರೂ ಮಾಡುವುದಿಲ್ಲ. ತೆರೆದ ಚಕ್ರಕ್ಕೆ ತೆರೆದ ಚಕ್ರ ತಾಗಿದರೆ ಕಾರು ಗಾಳಿಗೆ ಹಾರಬಹುದು, ಪಕ್ಕದಲ್ಲೇ ಬ್ಯಾರಿಯರ್ ಬೇರೆ.

ಈಗ ತೂಕದ ಲೆಕ್ಕ ನೋಡಿ. 2008ರಲ್ಲಿ ಎಫ್1 ಕಾರಿನ ಕನಿಷ್ಠ ತೂಕ ಚಾಲಕನೂ ಸೇರಿ 605 ಕೆ.ಜಿ. ಇತ್ತು. 2025ರಲ್ಲಿ 800. ಈ 195 ಕೆ.ಜಿ. ಒಂದೇ ದಿನ ಬಂದಿದ್ದಲ್ಲ. 2010ರಲ್ಲಿ ರೇಸ್ ನಡುವೆ ಪೆಟ್ರೋಲ್ ತುಂಬಿಸುವುದು ನಿಂತಿತು, ಟ್ಯಾಂಕ್ ದೊಡ್ಡದಾಯಿತು. 2014ರಲ್ಲಿ ಹೈಬ್ರಿಡ್ ಎಂಜಿನ್ ಬಂತು, ದೊಡ್ಡ ಬ್ಯಾಟರಿ ಬಂತು. 2017ರಲ್ಲಿ ಕಾರಿನ ಅಗಲ 1.8 ಮೀಟರ್‌ನಿಂದ 2 ಮೀಟರ್ ಆಯಿತು, ಟೈರೂ ದಪ್ಪವಾಯಿತು. 2018ರಲ್ಲಿ ಚಾಲಕನ ತಲೆ ಕಾಯುವ ಚೌಕಟ್ಟು, ಹೇಲೊ. 2022ರಲ್ಲಿ 18 ಇಂಚಿನ ಚಕ್ರ. ಭಾರದ ಕಾರು ಗುದ್ದಿದರೆ ಪೆಟ್ಟು ಜೋರು. ಅದನ್ನು ತಡೆಯಲು ದೇಹ ಗಟ್ಟಿಯಿರಬೇಕು, ಗಟ್ಟಿ ಮಾಡಿದರೆ ಮತ್ತೆ ಭಾರ. ಹೀಗೆ ಸುತ್ತುತ್ತಾ ಹೋಗುತ್ತದೆ.

ಇದರಲ್ಲಿ ಹೇಲೊ ಬಗ್ಗೆ ನನ್ನ ತಕರಾರಿಲ್ಲ. 2020ರಲ್ಲಿ ಬಹ್ರೇನ್‌ನಲ್ಲಿ ಗ್ರೋಜಾನ್ ಕಾರು ಬೇಲಿ ಸೀಳಿಕೊಂಡು ಹೋಗಿ ಬೆಂಕಿ ಹೊತ್ತಿಕೊಂಡಿತ್ತು. ಆ ಬೆಂಕಿಯಿಂದ ಮನುಷ್ಯ ನಡೆದು ಬಂದಿದ್ದನ್ನು ನೋಡಿದವರು ಆ ಕೆಲವು ಕಿಲೋಗಳಿಗೆ ಜಗಳ ಮಾಡಬಾರದು.

ಹಾಗಾದರೆ ನಿಯಮದ ಪುಸ್ತಕದಲ್ಲಿ ಸಂಖ್ಯೆಯೊಂದನ್ನೇ ಇಳಿಸಿದರೆ ಸಾಕಾ? ಸಾಲದು, ಅದು ಅಪಾಯ ಕೂಡ. ಎಫ್1ನಲ್ಲಿ ತೂಕ ಅಂದರೆ ಅಷ್ಟು ಕಟ್ಟುನಿಟ್ಟು. 2024ರಲ್ಲಿ ಬೆಲ್ಜಿಯಂನಲ್ಲಿ ಗೆದ್ದ ರಸೆಲ್ ಕಾರು ಬರೀ ಒಂದೂವರೆ ಕೆ.ಜಿ. ಕಡಿಮೆ ಇತ್ತು, ಗೆಲುವೇ ಹೋಯಿತು. ಹೀಗಿರುವಾಗ ಕಾರಿನ ಗಾತ್ರ ಹಾಗೇ ಬಿಟ್ಟು ತೂಕ ಮಾತ್ರ ಇಳಿಸಿ ಅಂದರೆ ತಂಡಗಳು ಎಲ್ಲಿಂದ ಕಡಿಮೆ ಮಾಡುತ್ತವೆ? ಹಿಂದೆ ಚಾಲಕರ ಮೈಯಿಂದಲೇ ಇಳಿಸಿದ್ದರು. 2014ರಲ್ಲಿ ಚಾಲಕ ವೆರ್ನ್ ವಿಪರೀತ ಡಯಟ್ ಮಾಡಿ ಆಸ್ಪತ್ರೆ ಸೇರಬೇಕಾಯಿತು ಎಂದು ಅವರೇ ಹೇಳಿಕೊಂಡಿದ್ದರು. ಎತ್ತರದ ಹುಡುಗರಿಗೆ ಆಗ ನಿಜಕ್ಕೂ ಅನ್ಯಾಯವಾಗುತ್ತಿತ್ತು. 2019ರಲ್ಲಿ ಚಾಲಕನಿಗೆಂದೇ ಸೀಟೂ ಸೇರಿ 80 ಕೆ.ಜಿ. ಬೇರೆಯಾಗಿ ಎತ್ತಿಟ್ಟರು. ಕಡಿಮೆ ತೂಗುವವರ ಸೀಟಿನ ಹತ್ತಿರ ಭಾರ ಇಡಬೇಕು. ತೂಕದ ನಿಯಮಗಳಲ್ಲೆಲ್ಲ ನನಗೆ ತುಂಬಾ ಮೆಚ್ಚುಗೆಯಾದದ್ದು ಇದು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಕಾರು ಹಗುರವಾದಷ್ಟೂ ಇನ್ನೂ ತಡವಾಗಿ ಬ್ರೇಕ್ ಹಾಕಬಹುದು. ಬ್ರೇಕ್ ಹಾಕುವ ದೂರ ಕಡಿಮೆಯಾದರೆ ದಾಟುವ ಅವಕಾಶವೂ ಕಡಿಮೆ. ಅಂದರೆ ತೂಕ ಒಂದನ್ನೇ ಇಳಿಸಿದರೆ ಮೊನಾಕೋದಲ್ಲಿ ಓವರ್‌ಟೇಕ್ ಜಾಸ್ತಿಯಾಗುವುದಿಲ್ಲ.

ಅನುಮಾನವಿದ್ದರೆ ಅದೇ ಬೀದಿಯಲ್ಲಿ ಓಡುವ ಎಲೆಕ್ಟ್ರಿಕ್ ಕಾರುಗಳ ರೇಸ್ ಫಾರ್ಮುಲಾ ಇ ನೋಡಿ. 2023ರಲ್ಲಿ ಬಂದ ಮೂರನೇ ತಲೆಮಾರಿನ ಜೆನ್3 ಕಾರು ಚಾಲಕನೂ ಸೇರಿ 840 ಕೆ.ಜಿ. ಎಫ್1ಗಿಂತ ಭಾರ! ಆದರೆ ಅಗಲ 1.7 ಮೀಟರ್, ಉದ್ದ ಐದು ಮೀಟರ್ ಚಿಲ್ಲರೆ. ಆ ವರ್ಷ ಕ್ಯಾಸಿಡಿ ಒಂಬತ್ತನೇ ಸ್ಥಾನದಿಂದ ಹೊರಟು ಗೆದ್ದರು. ಅಲ್ಲಿ ವೇಗ ಕಡಿಮೆ, ಬ್ಯಾಟರಿ ಉಳಿಸುವ ಆಟವೂ ಇದೆ, ಒಪ್ಪುತ್ತೇನೆ. ಆದರೆ ಇಬ್ಬರು ಅಕ್ಕಪಕ್ಕ ತಿರುವಿಗೆ ಇಳಿದರೂ ಜಾಗ ಉಳಿಯುತ್ತದೆ, ಕಣ್ಣಿಗೇ ಕಾಣುತ್ತದೆ. ಅದೇ ವರ್ಷ ಈ ಕಾರುಗಳು ಹೈದರಾಬಾದಿನ ಹುಸೇನ್ ಸಾಗರದ ಪಕ್ಕದಲ್ಲೂ ಓಡಿದವು. ಅಲ್ಲಿ ಗೆದ್ದವರು ಅದೇ ವೆರ್ನ್.

2025ರಲ್ಲಿ ಮಾಡಿದ ಚಿಕಿತ್ಸೆ ಮಾತ್ರ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಮೊನಾಕೋದಲ್ಲಿ ಎಲ್ಲರೂ ಟೈರ್ ಬದಲಿಸಲು ಎರಡು ಸಲ ನಿಲ್ಲಲೇಬೇಕು, ಅಂದರೆ ಎರಡು ಪಿಟ್ ಸ್ಟಾಪ್ ಮಾಡಲೇಬೇಕು ಅಂದರು. ಆಗ ಲಾಸನ್ ಬೇಕಂತಲೇ ನಿಧಾನ ಹೋಗಿ ಹಿಂದಿನವರನ್ನು ತಡೆದು, ಮುಂದಿದ್ದ ಜೊತೆಗಾರ ಹಜಾರ್‌ಗೆ ಸ್ಥಾನ ಕಳೆದುಕೊಳ್ಳದೆ ಪಿಟ್‌ಗೆ ಹೋಗಿಬರುವಷ್ಟು ಅಂತರ ಮಾಡಿಕೊಟ್ಟರು. ವಿಲಿಯಮ್ಸ್ ತಂಡದ ಜೋಡಿಯೂ ಹಾಗೇ ಮಾಡಿತು. ಹಿಂದೆ ಸಿಕ್ಕಿಕೊಂಡ ರಸೆಲ್ ಸಿಟ್ಟಿನಲ್ಲಿ ಶಿಕೇನ್ ಎಂಬ ಎಡಬಲ ತಿರುವನ್ನು ಕತ್ತರಿಸಿ ವಿಲಿಯಮ್ಸ್‌ನ ಆಲ್ಬನ್‌ರನ್ನು ದಾಟಿದರು, ಶಿಕ್ಷೆಯಾಗಿ ಪಿಟ್ ಲೇನ್ ಮೂಲಕ ನಿಧಾನವಾಗಿ ಹಾದುಹೋಗಬೇಕಾಯಿತು. ವೇಗವಾಗಿ ಓಡಿಸಲೆಂದೇ ಹುಟ್ಟಿದವರಿಗೆ ನಿಧಾನ ಓಡಿಸಿದ್ದಕ್ಕೆ ಪಾಯಿಂಟ್ ಕೊಡುವುದು ಯಾವ ರೇಸು?

ಕಿರಿದಾದ ಬೀದಿಗೆ ಅದರದೇ ಬೆಲೆ ಇದೆ. 2025ರ ಅದೇ ವಾರಾಂತ್ಯದಲ್ಲಿ ನಮ್ಮ ಬೆಂಗಳೂರಿನ ಕುಶ್ ಮೈನಿ ಅಲ್ಲಿ ಎಫ್1ಗಿಂತ ಒಂದು ಮೆಟ್ಟಿಲು ಕೆಳಗಿನ ಎಫ್2ನ ಸ್ಪ್ರಿಂಟ್ (ಚಿಕ್ಕ) ರೇಸ್ ಗೆದ್ದರು. ಅರ್ಹತಾ ಸುತ್ತಿನ ಮೇಲಿನ ಸ್ಥಾನಗಳನ್ನು ತಲೆಕೆಳಗು ಮಾಡುವ ರಿವರ್ಸ್ ಗ್ರಿಡ್‌ನಿಂದ ಮೊದಲ ಸ್ಥಾನದಿಂದ ಹೊರಡುವ ಅವಕಾಶ ಸಿಕ್ಕಿತ್ತು, ನಿಜ. ಆದರೆ ಗೋಡೆ ಇಷ್ಟು ಹತ್ತಿರ ಇರುವಲ್ಲಿ ಕೊನೆಯವರೆಗೂ ಒಂದೂ ತಪ್ಪು ಮಾಡದೆ ಮುಂದಿರುವುದು ಸಣ್ಣ ಮಾತಲ್ಲ. ಆ ದಿನ ನಾನು ಹಿಗ್ಗಿದ್ದು ಅಷ್ಟಿಷ್ಟಲ್ಲ.

2026ರ ನಿಯಮ ಸರಿಯಾದ ದಿಕ್ಕಿಗೇ ತಿರುಗಿದೆ. ಅಗಲ 1.9 ಮೀಟರ್, ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ) ಮಿತಿ 3.6ರಿಂದ 3.4 ಮೀಟರ್‌ಗೆ, ತೂಕ ಸುಮಾರು 30 ಕೆ.ಜಿ. ಕಡಿಮೆ. ಆದರೆ ಹತ್ತು ಸೆಂಟಿಮೀಟರ್ ತುಂಬಾ ಕಡಿಮೆಯಾಯಿತು. ಮೊನಾಕೋ ಒಪ್ಪಂದ 2035ರವರೆಗೂ ಇದೆ. ಮುಂದಿನ ಕಾರು ಬರೆಯುವವರು ಅಗಲವನ್ನು 2016ರ 1.8 ಮೀಟರ್‌ಗೆ ಇಳಿಸಲಿ, ವೀಲ್‌ಬೇಸನ್ನೂ ಇನ್ನಷ್ಟು ಕತ್ತರಿಸಲಿ. ಚಿಕ್ಕದಾದ ಕಾರಿಗೆ ಸಾಮಾನು ಕಡಿಮೆ ಸಾಕು, ತೂಕ ತಾನಾಗಿಯೇ ಇಳಿಯುತ್ತದೆ. ಆ ಎರಡು ಪಿಟ್ ಸ್ಟಾಪ್ ಚಿಕಿತ್ಸೆಗೆ ಮತ್ತೆ ಕೈಹಾಕುವುದು ಬೇಡ.