ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೇ ಮಾಡಿ ಕಲಿಯುವ ಪಾಠ ಮೊದಲು ಬೇಕು

ಸರ್ಕಾರಿ ಹೈಸ್ಕೂಲುಗಳಲ್ಲಿ ಮಕ್ಕಳು ಹೇಗೆ ಕಲಿಯಬೇಕು ಅಂತ ನೀವು ಲೇಖನ ಬರೆದಿದ್ದು ಒಳ್ಳೆಯದಾಯಿತು. ಆದರೆ ‘ಮಾಡಿ ಕಲಿಯುವುದು ಚುರುಕು ಮಕ್ಕಳಿಗೆ ಸರಿ, ಹಿಂದುಳಿದವರು ಮೊದಲು ಪಾಸಾಗುವಷ್ಟು ಬಾಯಿಪಾಠ ಮಾಡಲಿ’ ಅಂದಿದ್ದೀರಲ್ಲ, ಅದನ್ನು ಒಪ್ಪಲಾರೆ. ನಾನು ಬೆಂಗಳೂರಿನಲ್ಲಿ ಹತ್ತನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ನನ್ನ ಅನುಭವ ಪೂರ್ತಿ ಉಲ್ಟಾ.

ಒಬ್ಬ ಹುಡುಗ ಕೊನೇ ಬೆಂಚಿನಲ್ಲಿ ಸುಮ್ನೆ ಕೂರುತ್ತಿದ್ದ. ಕಿರುಪರೀಕ್ಷೆಯಲ್ಲಿ ಒಂದಂಕಿ ದಾಟುತ್ತಿರಲಿಲ್ಲ. ಒಂದು ದಿನ ಎರಡು ಟಾರ್ಚ್ ಬಲ್ಬು, ಎರಡು ಸೆಲ್ಲು, ಒಂದಷ್ಟು ತುಂಡು ವೈರು ಕೈಗೆ ಕೊಟ್ಟೆ. ಬಲ್ಬುಗಳನ್ನು ಸರಣಿಯಲ್ಲಿ, ಅಂದರೆ ಒಂದೇ ದಾರಿಯಲ್ಲಿ ಒಂದರ ಹಿಂದೆ ಒಂದು ಬರುವಂತೆ ಜೋಡಿಸಿದ, ಎರಡೂ ಮಂಕಾದವು. ಒಂದನ್ನು ಬಿಚ್ಚಿದ, ಇನ್ನೊಂದೂ ಆರಿತು. ಸ್ವಲ್ಪ ಹೊತ್ತು ನೋಡಿ, ‘ಮಿಸ್, ನಮ್ಮನೇಲಿ ಒಂದು ಬಲ್ಬು ಹೋದ್ರೂ ಇನ್ನೊಂದು ಉರೀತಾನೇ ಇರುತ್ತೆ. ಅಲ್ಲಿ ಹೀಗೆ ಜೋಡಿಸಿಲ್ಲ’ ಅಂದ. ಒಂದೊಂದು ಬಲ್ಬಿಗೂ ಬೇರೆ ದಾರಿ ಇರುವ ಸಮಾಂತರ ಜೋಡಣೆಯನ್ನು ನಾನು ಹೇಳಬೇಕಾಗಲೇ ಇಲ್ಲ, ಅವನೇ ಮಾಡಿ ತೋರಿಸಿದ. ಆ ಪಾಠ ಅವನು ಈಗಲೂ ಮರೆತಿಲ್ಲ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆ ಮಾಡಿಸುತ್ತಾ ಕಲಿಸುವ ನಲಿಕಲಿ ಪದ್ಧತಿ ಮೂರನೇ ತರಗತಿಗೇ ಮುಗಿಯುತ್ತದೆ. ಹೈಸ್ಕೂಲಿಗೆ ಬರುವಷ್ಟರಲ್ಲಿ ಮಕ್ಕಳ ಕೈಯಲ್ಲಿ ಉಳಿಯುವುದು ನೋಟ್ಸ್ ಮಾತ್ರ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ, ಶಾಲೆಯಲ್ಲೇ ಅಂಕ ಕೊಡುವ ಆಂತರಿಕ ಮೌಲ್ಯಮಾಪನಕ್ಕೆ ಅಂತಲೇ 20 ಅಂಕ ಇದೆ, ಅಲ್ವಾ? ಆದರೆ ಎಷ್ಟೋ ಮಕ್ಕಳು ತರುವುದು ಬ್ರೌಸಿಂಗ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿದ ಪ್ರಾಜೆಕ್ಟ್. ಹೊಸ ಯೋಜನೆ ಏನೂ ಬೇಡ. ವಾರಕ್ಕೊಮ್ಮೆ ಎರಡು ಪೀರಿಯಡ್ ಒಟ್ಟಿಗೆ ಕೊಡಲಿ, ತರಗತಿಯಲ್ಲೇ ಕೈಯಾರೆ ಮಾಡಿದ್ದಕ್ಕೆ ಆ ಅಂಕ ಸಿಗಲಿ.